ಆಸ್ಪತ್ರೆಯ ವಿಕಿರಣ ಆಕರ ಕಾಣೆಯಾದರೆ ಎಣಿಸುವವರಾರು?

2025ರ ಡಿಸೆಂಬರ್ ತಿಂಗಳಲ್ಲಿ ಸಂಸತ್ತು ‘ಶಾಂತಿ’ ಎಂಬ ಸಂಕ್ಷಿಪ್ತ ನಾಮದ ಹೊಸ ಪರಮಾಣು ಶಕ್ತಿ ವಿಧೇಯಕವನ್ನು ಅಂಗೀಕರಿಸಿದಾಗ ದೇಶದಲ್ಲಿ ನಡೆದ ಚರ್ಚೆಯೆಲ್ಲ ಬಹುಮಟ್ಟಿಗೆ ಎರಡು ಪ್ರಶ್ನೆಗಳ ಸುತ್ತಲೇ ತಿರುಗಿತು. ಅಣು ವಿದ್ಯುತ್ತಿನ ಕ್ಷೇತ್ರಕ್ಕೆ ಖಾಸಗಿ ಬಂಡವಾಳವನ್ನು ಬಿಟ್ಟುಕೊಳ್ಳುವುದು ಸರಿಯೇ ಎಂಬುದು ಒಂದು. ಸ್ಥಾವರದಲ್ಲಿ ಅವಘಡವಾದರೆ ಪರಿಹಾರದ ಹೊಣೆ ಯಾರದು ಎಂಬುದು ಇನ್ನೊಂದು. ಎರಡೂ ಮಹತ್ತ್ವದ ಪ್ರಶ್ನೆಗಳೇ. ಆದರೆ ಅಣುಶಕ್ತಿಯೆಂದೊಡನೆ ಕಲ್ಪಾಕ್ಕಂ, ಕೂಡಂಕುಳಂಗಳ ಕಡೆಗೆ ಮಾತ್ರ ದೃಷ್ಟಿ ಹರಿಸುವುದು ಚೆನ್ನೈ ನಿವಾಸಿಗಳಾದ ನಮಗೆ ರೂಢಿಯಾಗಿಬಿಟ್ಟಿದೆ. ನಮ್ಮ ಮನೆಗೆ ಅತಿ ಸಮೀಪದಲ್ಲಿರುವ ವಿಕಿರಣಶೀಲ ವಸ್ತು ಕಡಲತೀರದ ಸ್ಥಾವರದಲ್ಲಿಲ್ಲ. ನಾವು ದಿನವೂ ದಾಟಿ ಹೋಗುವ ಯಾವುದೋ ಆಸ್ಪತ್ರೆಯ ನೆಲಮಾಳಿಗೆಯಲ್ಲಿದೆ. ಸ್ಥಾವರಕ್ಕೆ ಬೇಲಿಯಿದೆ, ಕಾವಲಿದೆ, ಅದರ ಮೇಲೆ ಸದಾ ಸಾರ್ವಜನಿಕರ ಕಣ್ಣಿದೆ. ಆಸ್ಪತ್ರೆಯ ಆಕರಕ್ಕೆ ಇರುವುದು ಒಂದು ಸೀಸದ ಪೆಟ್ಟಿಗೆ, ಒಂದು ಬೀಗ, ಒಂದು ದಾಸ್ತಾನು ಪುಸ್ತಕ.

ಆ ಪುಸ್ತಕದ ಲೆಕ್ಕ ತಪ್ಪಿದರೆ ಏನಾಗುತ್ತದೆ? ಜಗತ್ತಿನಲ್ಲಿ ಇದುವರೆಗೆ ಚಿಕಿತ್ಸೆಯ ವಿಕಿರಣ ವಸ್ತು ಕಳೆದುಹೋಗಿ ಜನ ಸತ್ತ ಪ್ರಸಂಗಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳ ಹಿಂದೆ ಉಗ್ರರ ಸಂಚಿರಲಿಲ್ಲ. ಇದ್ದದ್ದು ಮರೆವು, ಸ್ಥಳಾಂತರ, ನಿವೃತ್ತಿ, ಗುಜರಿ ವ್ಯಾಪಾರ. ಅದಕ್ಕಿಂತಲೂ ಗಮನಾರ್ಹವಾದ ಅಂಶವೆಂದರೆ, ಕಳೆದುಕೊಂಡ ಸಂಸ್ಥೆ ತಾನಾಗಿ ಎಣಿಸಿ ‘ನಮ್ಮಲ್ಲಿ ಒಂದು ಕಡಿಮೆಯಾಗಿದೆ’ ಎಂದು ಮೊದಲು ಹೇಳಿದ್ದು ಆ ಸಾಲಿನಲ್ಲಿ ಕಾಣುವುದಿಲ್ಲ. ನಷ್ಟ ಬಯಲಾದದ್ದು ಬೇರೆಯವರಿಂದ, ಅದೂ ಕಾಲ ಮೀರಿದ ಮೇಲೆ. ಈ ಲೇಖನದಲ್ಲಿ ನಾವು ವಿಚಾರ ಮಾಡಬೇಕೆಂದಿರುವುದು ಇದನ್ನೇ.

ಅಕ್ಕಿಕಾಳಿನಷ್ಟು ವಸ್ತು

ಕ್ಯಾನ್ಸರ್ ಚಿಕಿತ್ಸೆಯ ಇತಿಹಾಸದಲ್ಲಿ ಮದರಾಸಿಗೆ ಹಿರಿದಾದ ಸ್ಥಾನವಿದೆ. ಇಲ್ಲಿನ ಜನರಲ್ ಆಸ್ಪತ್ರೆಯ ಬರ್ನಾರ್ಡ್ ವಿಕಿರಣಶಾಸ್ತ್ರ ಸಂಸ್ಥೆ 1934ರಲ್ಲಿ ಆರಂಭವಾಯಿತು. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹಟದ ಫಲವಾಗಿ 1954ರಲ್ಲಿ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ ತಲೆಯೆತ್ತಿತು. ಕೆನಡಾದಿಂದ ಬಂದ ಕೋಬಾಲ್ಟ್ ಯಂತ್ರ ಆ ದಶಕದಲ್ಲಿಯೇ ಅಲ್ಲಿ ರೋಗಿಗಳ ಸೇವೆಗೆ ನಿಂತಿತು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ತೆರೆದದ್ದು 1973ರಲ್ಲಿ. ಬಡವರಿಗೂ ಚಿಕಿತ್ಸೆ ದೊರೆಯಬೇಕೆಂಬ ಅಡ್ಯಾರಿನ ಪರಂಪರೆಯನ್ನು ಡಾ. ವಿ. ಶಾಂತಾ ಅವರು ಕೊನೆಯವರೆಗೂ ನಡೆಸಿಕೊಂಡು ಬಂದರು. 2019ರಲ್ಲಿ ದಕ್ಷಿಣ ಏಷ್ಯಾದ ಮೊದಲ ಪ್ರೋಟಾನ್ ಚಿಕಿತ್ಸಾ ಕೇಂದ್ರವೂ ಈ ನಗರದಲ್ಲಿಯೇ ಪ್ರಾರಂಭವಾಯಿತು. ಆದ್ದರಿಂದ ಇಲ್ಲಿ ಹೇಳುವ ಮಾತುಗಳು ವಿಕಿರಣ ಚಿಕಿತ್ಸೆಯ ವಿರುದ್ಧವಾದವಲ್ಲ. ಆ ಚಿಕಿತ್ಸೆಯ ಮೇಲೆ ಜನರಿಗಿರುವ ನಂಬಿಕೆ ಉಳಿಯಬೇಕೆಂಬ ಕಾಳಜಿಯಿಂದ ಬಂದವು.

ಆಸ್ಪತ್ರೆಯ ಎಲ್ಲ ವಿಕಿರಣ ಯಂತ್ರಗಳೂ ಒಂದೇ ಬಗೆಯವಲ್ಲವೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಎಕ್ಸ್-ರೇ ಯಂತ್ರ, ಸಿ.ಟಿ. ಸ್ಕ್ಯಾನರ್, ಲೀನಿಯರ್ ಆಕ್ಸಿಲರೇಟರ್ ಇವುಗಳಲ್ಲಿ ವಿಕಿರಣ ಹುಟ್ಟುವುದು ವಿದ್ಯುತ್ತಿನಿಂದ. ಗುಂಡಿ ಒತ್ತಿ ನಿಲ್ಲಿಸಿದರೆ ವಿಕಿರಣವೂ ನಿಲ್ಲುತ್ತದೆ. ಆದರೆ ಕೋಬಾಲ್ಟ್ ಯಂತ್ರದ ಒಳಗೂ, ದೇಹದೊಳಗೆ ಆಕರವನ್ನು ಇರಿಸಿ ಮಾಡುವ ಬ್ರಾಕಿಥೆರಪಿಯ ಉಪಕರಣದೊಳಗೂ ಇರುವುದು ನಿಜವಾದ ವಿಕಿರಣಶೀಲ ಲೋಹ. ಅದನ್ನು ನಿಲ್ಲಿಸುವ ಗುಂಡಿಯಿಲ್ಲ. ಸೀಸ ಅಥವಾ ಟಂಗ್‌ಸ್ಟನ್ನಿನ ಕವಚದೊಳಗೆ ಮುಚ್ಚಿಡಬಹುದು, ಅಷ್ಟೇ. ಕವಚದಿಂದ ಹೊರಬಂದ ಗಳಿಗೆಯಿಂದ ಅದು ಹಗಲೂ ಇರುಳೂ ಸೂಸುತ್ತಲೇ ಇರುತ್ತದೆ.

ಬ್ರಾಕಿಥೆರಪಿಯಲ್ಲಿ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಇರಿಡಿಯಂ-192. ಆಕರದ ಗಾತ್ರ ಅಕ್ಕಿಕಾಳಿಗಿಂತ ತೆಳು, ಉದ್ದ ಕೆಲವೇ ಮಿಲಿಮೀಟರ್. ಉಕ್ಕಿನ ತೆಳುವಾದ ತಂತಿಯ ತುದಿಗೆ ಅದನ್ನು ಬೆಸೆದಿರುತ್ತಾರೆ. ಹೊಸದಾಗಿ ಬಂದಾಗ ಅದರ ಶಕ್ತಿ ಸುಮಾರು 10 ಕ್ಯೂರಿ. ಕವಚವಿಲ್ಲದ ಅಂಥ ಕಾಳಿನಿಂದ ಒಂದು ಮೀಟರ್ ದೂರದಲ್ಲಿ ಅರ್ಧ ಗಂಟೆ ನಿಂತರೆ, ವಿಕಿರಣ ಕ್ಷೇತ್ರದ ಉದ್ಯೋಗಿಗೆ ಇಡೀ ವರ್ಷಕ್ಕೆ ಸರಾಸರಿಯಾಗಿ ಅನುಮತಿಸಿರುವ 20 ಮಿಲಿಸೀವರ್ಟ್ ಪ್ರಮಾಣ ಮುಗಿದುಹೋಗುತ್ತದೆ. ಸಾಮಾನ್ಯ ನಾಗರಿಕನ ವಾರ್ಷಿಕ ಮಿತಿಯಾದ 1 ಮಿಲಿಸೀವರ್ಟ್ ತಲುಪಲು ಒಂದೂವರೆ ನಿಮಿಷ ಸಾಕು. ದೂರ ಹತ್ತುಪಟ್ಟು ಕಡಿಮೆಯಾದರೆ ತೀವ್ರತೆ ನೂರುಪಟ್ಟು ಹೆಚ್ಚುತ್ತದೆ. ಹೀಗಿರುವಾಗ ಅಂಥ ವಸ್ತುವನ್ನು ಬೆರಳಲ್ಲಿ ಎತ್ತಿ ಜೇಬಿಗೆ ಹಾಕಿಕೊಂಡರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕೆ ವಾಸನೆಯಿಲ್ಲ, ಶಬ್ದವಿಲ್ಲ. ಮುಟ್ಟಿದ ಕೂಡಲೆ ಬೆಂಕಿಯಂತೆ ಸುಡುವುದೂ ಇಲ್ಲ. ಗಾಯ ಕಾಣಿಸಿಕೊಳ್ಳುವುದು ದಿನಗಳು ಕಳೆದ ಮೇಲೆ.

ಕಾಲ ಮಾತ್ರ ಅದನ್ನು ತಣಿಸಬಲ್ಲದು. ಇರಿಡಿಯಂ-192ರ ಅರ್ಧಾಯು ಸುಮಾರು 74 ದಿನ. ಎರಡು ವರ್ಷಗಳಲ್ಲಿ ಅದು ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಕೋಬಾಲ್ಟ್-60ಕ್ಕೆ 5.27 ವರ್ಷ, ಸೀಸಿಯಂ-137ಕ್ಕೆ 30 ವರ್ಷ. ಹಿಂದೆ ಬಳಕೆಯಲ್ಲಿದ್ದ ರೇಡಿಯಂ-226ಕ್ಕಾದರೋ 1600 ವರ್ಷ. ರೇಡಿಯಂ ಸೂಜಿಗಳ ಕಾಲದಲ್ಲಿ ಅವುಗಳ ಕಾಣೆ ಪ್ರಕರಣಗಳು ಎಷ್ಟು ಸಾಮಾನ್ಯವಾಗಿದ್ದವೆಂದರೆ, ಅಮೆರಿಕದ ಚಾರ್ಲ್ಸ್‌ಟನ್ನಿನ ವೈದ್ಯ ರಾಬರ್ಟ್ ಟಾಫ್ಟ್ 1938ರಲ್ಲಿ ಕಳೆದುಹೋದ ರೇಡಿಯಂ ಮತ್ತು ಅದರ ಪತ್ತೆಯ ಕುರಿತೇ ಒಂದು ಪುಸ್ತಕ ಪ್ರಕಟಿಸಿದರು. ಬಿಚ್ಚಿದ ಪಟ್ಟಿಯೊಂದಿಗೆ, ಹೊದಿಕೆಯ ಮಡಿಕೆಯಲ್ಲಿ, ಶೌಚದ ಕೊಳವೆಯಲ್ಲಿ, ಕಸದ ಬುಟ್ಟಿಯಲ್ಲಿ ಸೂಜಿ ಜಾರಿಹೋಗುವುದು ಎಷ್ಟು ಸುಲಭವೆಂದು ಆ ತಲೆಮಾರಿನ ವೈದ್ಯರು ಚೆನ್ನಾಗಿ ಬಲ್ಲವರಾಗಿದ್ದರು. ‘ರೋಗಿಯ ಕೋಣೆಯಿಂದ ಬಟ್ಟೆಯಾಗಲಿ ಕಸವಾಗಲಿ ಮಾಪಕದಿಂದ ಪರೀಕ್ಷಿಸದೆ ಹೊರಹೋಗಬಾರದು, ಹಾಕಿದ್ದೆಷ್ಟು ತೆಗೆದದ್ದೆಷ್ಟು ಎಂದು ಎಣಿಸಬೇಕು’ ಎಂಬ ನಿಯಮ ಹುಟ್ಟಿದ್ದು ಆ ಅನುಭವದಿಂದಲೇ.

ಗಂಟೆ ಬಾರಿಸಿತು, ಯಾರೂ ನಂಬಲಿಲ್ಲ

ಆ ನಿಯಮವನ್ನು ಒಂದು ದಿನ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಇಂಡಿಯಾನಾ ಎಂಬ ಪಟ್ಟಣದಲ್ಲಿ 1992ರ ನವೆಂಬರ್ 16ರಂದು ನಡೆದ ಘಟನೆ ಸಾಕ್ಷಿ. ಅಲ್ಲಿನ ಕ್ಯಾನ್ಸರ್ ಕೇಂದ್ರದಲ್ಲಿ ವೃದ್ಧೆಯೊಬ್ಬರಿಗೆ ಇರಿಡಿಯಂ ಚಿಕಿತ್ಸೆ ನೀಡುತ್ತಿದ್ದಾಗ ತಂತಿ ಮುರಿದು ಆಕರ ಅವರ ದೇಹದೊಳಗಿನ ನಳಿಕೆಯಲ್ಲಿಯೇ ಉಳಿಯಿತು. ಯಂತ್ರದ ಫಲಕ ‘ಆಕರ ಒಳಗೆ ಸೇರಿದೆ’ ಎಂದು ತೋರಿಸಿತು. ಗೋಡೆಗೆ ಹಾಕಿದ್ದ ವಿಕಿರಣ ಸೂಚಕ ಮಾತ್ರ ಎಚ್ಚರಿಕೆ ನೀಡುತ್ತಲೇ ಇತ್ತು. ಸಿಬ್ಬಂದಿ ಸೂಚಕವೇ ಕೆಟ್ಟಿದೆಯೆಂದು ಭಾವಿಸಿದರು. ಕೈಯಲ್ಲಿ ಹಿಡಿಯುವ ಮಾಪಕದಿಂದ ರೋಗಿಯನ್ನು ಒಮ್ಮೆ ಪರೀಕ್ಷಿಸಿದ್ದರೆ ಸಾಕಿತ್ತು. ಅದು ನಡೆಯಲಿಲ್ಲ. ರೋಗಿಯನ್ನು ಅವರು ವಾಸವಾಗಿದ್ದ ಶುಶ್ರೂಷಾಲಯಕ್ಕೆ ಮರಳಿ ಕಳುಹಿಸಿಬಿಟ್ಟರು.

ನಾಲ್ಕು ದಿನಗಳ ಬಳಿಕ ನಳಿಕೆ ತಾನಾಗಿ ಹೊರಬಿತ್ತು. ಶುಶ್ರೂಷಾಲಯದವರು ಅದನ್ನು ವೈದ್ಯಕೀಯ ತ್ಯಾಜ್ಯದ ಚೀಲಕ್ಕೆ ಹಾಕಿದರು. ಮರುದಿನ ರೋಗಿ ತೀರಿಕೊಂಡರು. ಸಾವಿನ ಕಾರಣ ಆಗ ಯಾರಿಗೂ ತಿಳಿಯಲಿಲ್ಲ. ಡಿಸೆಂಬರ್ 1ರಂದು ತ್ಯಾಜ್ಯ ಸುಡುವ ಘಟಕದ ವಿಕಿರಣ ಮಾಪಕ ಕೂಗಿಕೊಂಡಾಗಲೇ ಸತ್ಯ ಹೊರಬಿದ್ದದ್ದು. ಅಷ್ಟರಲ್ಲಿ ಶುಶ್ರೂಷಾಲಯದ ನಿವಾಸಿಗಳು, ದಾದಿಯರು, ಸಂದರ್ಶಕರು, ತ್ಯಾಜ್ಯ ಸಾಗಿಸಿದವರು ಹೀಗೆ 94 ಮಂದಿ ವಿಕಿರಣಕ್ಕೆ ಒಡ್ಡಿಕೊಂಡಿದ್ದರು. ಗಮನಿಸಬೇಕಾದ ಮಾತು: ಸುಮಾರು ಎರಡು ವಾರ ಆ ಕೇಂದ್ರದವರಿಗೆ ತಮ್ಮ ಆಕರ ತಮ್ಮಲ್ಲಿಲ್ಲ ಎಂಬುದೇ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಅದು ಇತ್ತು, ಪೆಟ್ಟಿಗೆಯಲ್ಲಿ ಇರಲಿಲ್ಲ.

ಯಂತ್ರ ಹಳತಾದಾಗ

ಆಕರ ಕಳೆಯುವ ಎರಡನೆಯ ಬಗೆ ಇದಕ್ಕಿಂತ ನಿಧಾನವಾದದ್ದು, ಆದ್ದರಿಂದಲೇ ಹೆಚ್ಚು ಘೋರವಾದದ್ದು. ಇಲ್ಲಿ ಕಾಣೆಯಾಗುವುದು ಬಳಕೆಯಲ್ಲಿರುವ ಆಕರವಲ್ಲ, ಬಳಕೆ ತಪ್ಪಿದ್ದು. ಬ್ರೆಜಿಲ್ಲಿನ ಗೋಯಾನಿಯ ನಗರದ ಒಂದು ಖಾಸಗಿ ವಿಕಿರಣ ಚಿಕಿತ್ಸಾಲಯ 1985ರ ಕೊನೆಯ ವೇಳೆಗೆ ಬೇರೆ ಕಟ್ಟಡಕ್ಕೆ ಹೋಯಿತು. ಹೋಗುವಾಗ ಸೀಸಿಯಂ ಯಂತ್ರವನ್ನು ಹಳೆಯ ಕಟ್ಟಡದಲ್ಲಿಯೇ ಬಿಟ್ಟಿತು. ಪರವಾನಗಿ ಕೊಟ್ಟ ಪ್ರಾಧಿಕಾರಕ್ಕೆ ತಿಳಿಸಲೂ ಇಲ್ಲ. 1987ರ ಸೆಪ್ಟೆಂಬರ್ 13ರಂದು ಇಬ್ಬರು ಆ ಪಾಳುಕಟ್ಟಡದಿಂದ ಲೋಹದ ಭಾಗವನ್ನು ಬಿಚ್ಚಿ ಕೊಂಡೊಯ್ದು ಗುಜರಿಯವನಿಗೆ ಮಾರಿದರು. ಒಳಗಿನ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಅಪೂರ್ವ ವಸ್ತುವೆಂದು ಅದನ್ನು ಬಂಧುಗಳಿಗೂ ನೆರೆಯವರಿಗೂ ಹಂಚಿದರು. ನಾಲ್ವರು ಸತ್ತರು, ಅವರಲ್ಲಿ ಆರು ವರ್ಷದ ಒಬ್ಬ ಹುಡುಗಿಯೂ ಇದ್ದಳು. 1 ಲಕ್ಷ 12 ಸಾವಿರಕ್ಕೂ ಹೆಚ್ಚು ಜನರನ್ನು ತಪಾಸಣೆಗೆ ಒಳಪಡಿಸಬೇಕಾಯಿತು. 249 ಮಂದಿಯಲ್ಲಿ ವಿಕಿರಣ ವಸ್ತುವಿನ ಸೋಂಕು ಕಂಡುಬಂತು. ಇಷ್ಟಕ್ಕೆಲ್ಲ ಕಾರಣವಾದ ಸೀಸಿಯಂ ಕ್ಲೋರೈಡಿನ ತೂಕ ನೂರು ಗ್ರಾಮಿಗೂ ಕಡಿಮೆ.

ಇದನ್ನು ಮೊದಲು ಗುರುತಿಸಿದವರು ಯಾರು? ಚಿಕಿತ್ಸಾಲಯವಲ್ಲ, ಸರ್ಕಾರವಲ್ಲ, ಗುಜರಿ ವ್ಯಾಪಾರಿಯ ಹೆಂಡತಿ. ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ಕಾಯಿಲೆ ಬೀಳುತ್ತಿರುವುದಕ್ಕೂ ಆ ಹೊಳೆಯುವ ಪುಡಿಗೂ ಸಂಬಂಧವಿದೆಯೆಂದು ಆಕೆ ಶಂಕಿಸಿ, ಉಳಿದ ಭಾಗವನ್ನು ಚೀಲದಲ್ಲಿ ತುಂಬಿಸಿ ಬಸ್ಸಿನಲ್ಲಿ ಆರೋಗ್ಯ ಇಲಾಖೆಗೆ ಸಾಗಿಸುವಂತೆ ಮಾಡಿದಳು. ಸತ್ತ ನಾಲ್ವರಲ್ಲಿ ಆಕೆಯೂ ಒಬ್ಬಳು.

ಇದಕ್ಕೂ ಮೊದಲೇ, 1983ರ ಡಿಸೆಂಬರಿನಲ್ಲಿ, ಮೆಕ್ಸಿಕೋದ ಹ್ವಾರೆಸ್ ನಗರದಲ್ಲಿ ಒಮ್ಮೆಯೂ ಬಳಸದೆ ದಾಸ್ತಾನಿನಲ್ಲಿ ಬಿದ್ದಿದ್ದ ಆಸ್ಪತ್ರೆಯ ಕೋಬಾಲ್ಟ್ ಯಂತ್ರವೊಂದು ಗುಜರಿಗೆ ಹೋಯಿತು. ಸಾವಿರಾರು ಕೋಬಾಲ್ಟ್ ಗುಂಡುಗಳು ಹಳೆಯ ಕಬ್ಬಿಣದೊಡನೆ ಕುಲುಮೆಗೆ ಬಿದ್ದು ಕಟ್ಟಡದ ಕಂಬಿಗಳಾದವು. 1984ರ ಜನವರಿಯಲ್ಲಿ ಅಂಥ ಕಂಬಿ ಹೇರಿದ ಲಾರಿಯೊಂದು ಆಕಸ್ಮಿಕವಾಗಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಬಳಿ ಹಾದುಹೋದಾಗ ಅಲ್ಲಿನ ಮಾಪಕ ಎಚ್ಚರಿಸಿತು. ಆ ಲಾರಿ ಬೇರೆ ದಾರಿ ಹಿಡಿದಿದ್ದರೆ? ಥಾಯ್ಲೆಂಡಿನ ಸಮುತ್ ಪ್ರಾಕಾನಿನಲ್ಲಿ 2000ದ ಆರಂಭದಲ್ಲಿ ನಡೆದದ್ದೂ ಇದೇ ಕಥೆ. ವಾಹನ ನಿಲ್ಲಿಸುವ ಜಾಗದಲ್ಲಿ ಇರಿಸಿದ್ದ ಹಳೆಯ ಚಿಕಿತ್ಸಾ ಯಂತ್ರದ ಭಾಗ ಗುಜರಿ ಸೇರಿ ಮೂವರು ಸತ್ತರು. ವಿಷಯ ಹೊರಬಂದದ್ದು ರೋಗಿಗಳ ಲಕ್ಷಣ ಕಂಡು ಸಂಶಯಪಟ್ಟ ವೈದ್ಯರಿಂದ.

ಮಾಯಾಪುರಿಯ ಪಾಠ

ಇವೆಲ್ಲ ದೂರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. 2010ರ ಏಪ್ರಿಲ್ ತಿಂಗಳಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ನಡೆದದ್ದು ನಮ್ಮ ದೇಶದ ವಿಕಿರಣ ಇತಿಹಾಸದ ಅತಿ ಕಹಿಯಾದ ಅಧ್ಯಾಯ. ಆ ಆಕರ ಆಸ್ಪತ್ರೆಯದಲ್ಲ, ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ್ದು. ಆದರೆ ಒಳಗಿದ್ದದ್ದು ಆಸ್ಪತ್ರೆಗಳ ಯಂತ್ರದಲ್ಲಿರುವ ಅದೇ ಕೋಬಾಲ್ಟ್-60; ನಡೆದ ತಪ್ಪಿನ ಸ್ವರೂಪವೂ ಅದೇ. ಕೆನಡಾದಲ್ಲಿ ತಯಾರಾದ ಗಾಮಾಸೆಲ್ ಯಂತ್ರ 1985ರಿಂದ ಬಳಕೆಯಲ್ಲಿರಲಿಲ್ಲ. ಅದನ್ನು ತಿಳಿದವರು ನಿವೃತ್ತರಾದರು, ಕೋಣೆಗೆ ಬೀಗ ಬಿತ್ತು. 2010ರ ಫೆಬ್ರವರಿಯಲ್ಲಿ ಹಳೆಯ ಸಾಮಗ್ರಿಗಳೊಡನೆ ಅದೂ ಹರಾಜಾಯಿತು. ಮಾಯಾಪುರಿಯ ಕಾರ್ಮಿಕರು ಸೀಸದ ಕವಚ ಬಿಚ್ಚಿದರು. ತುಂಡುಗಳು ಅಂಗಡಿಯಿಂದ ಅಂಗಡಿಗೆ ಹೋದವು. ಒಬ್ಬನ ಕೈಚೀಲದಲ್ಲಿಯೂ ಒಂದು ತುಂಡು ಸಿಕ್ಕಿತು. ಚರ್ಮ ಕಪ್ಪಾಗಿ, ಕೂದಲು ಉದುರಿ ಹಲವರು ಆಸ್ಪತ್ರೆ ಸೇರಿದರು. ಏಪ್ರಿಲ್ 26ರಂದು ಒಬ್ಬ ಕಾರ್ಮಿಕ ಮೃತಪಟ್ಟ.

ಲೆಕ್ಕ ಹಾಕಿ ನೋಡಿದರೆ ಒಂದು ಸಂಗತಿ ಮನಸ್ಸನ್ನು ಕಲಕುತ್ತದೆ. 1985ರಿಂದ 2010ರವರೆಗಿನ ಇಪ್ಪತ್ತೈದು ವರ್ಷಗಳಲ್ಲಿ ಕೋಬಾಲ್ಟ್ ತನ್ನ ಶಕ್ತಿಯ ಇಪ್ಪತ್ತೈದರಲ್ಲೊಂದು ಪಾಲಿಗೂ ಕೆಳಗೆ ಇಳಿದಿತ್ತು. ಉಳಿದ ಆ ಚೂರು ಶಕ್ತಿಯೇ ಒಂದು ಜೀವವನ್ನು ತೆಗೆದುಕೊಂಡಿತು. ಹಳತಾಯಿತು, ನಿರುಪಯೋಗಿಯಾಯಿತು ಎಂದು ಆಡಳಿತ ವಿಭಾಗ ಬರೆದ ಷರಾ ಭೌತವಿಜ್ಞಾನಕ್ಕೆ ಒಪ್ಪಿಗೆಯಾಗಲಿಲ್ಲ. ಇಲ್ಲಿಯೂ ಮೊದಲು ಸುಳಿವು ಕೊಟ್ಟದ್ದು ಗುಜರಿ ವ್ಯಾಪಾರಿಗೆ ಚಿಕಿತ್ಸೆ ನೀಡುತ್ತಿದ್ದ ಆಸ್ಪತ್ರೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ತಜ್ಞರು ಬಂದ ಮೇಲೆಯೇ ಆ ಯಂತ್ರ ಎಲ್ಲಿಂದ ಬಂತೆಂಬ ಹುಡುಕಾಟ ಆರಂಭವಾದದ್ದು. ದೇಶದ ಹೆಸರಾಂತ ವಿಶ್ವವಿದ್ಯಾಲಯವೊಂದು ಇಂಥ ವಸ್ತುವನ್ನು ಮರೆಯಬಲ್ಲುದಾದರೆ, ಆಡಳಿತ ಬದಲಾಗುವ, ಕಟ್ಟಡ ಮಾರಾಟವಾಗುವ, ಸಾಲಕ್ಕೆ ಸಿಲುಕಿ ಮುಚ್ಚುವ ಸಾಮಾನ್ಯ ಚಿಕಿತ್ಸಾಲಯಗಳ ಬಗ್ಗೆ ನಾವು ಎಷ್ಟು ನಿಶ್ಚಿಂತರಾಗಿರಬಹುದು?

ಕಾನೂನಿನ ಪುಸ್ತಕ, ನಡವಳಿಕೆಯ ಪುಸ್ತಕ

ನಮ್ಮಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ನಿಯಂತ್ರಣ ಮಂಡಳಿ 1983ರ ನವೆಂಬರಿನಿಂದ ಇದೆ. ವಿಕಿರಣ ತ್ಯಾಜ್ಯದ ಸುರಕ್ಷಿತ ವಿಲೇವಾರಿಗೆ 1987ರ ನಿಯಮಗಳಾದವು. ವಿಕಿರಣ ರಕ್ಷಣೆಗೆ 2004ರ ನಿಯಮಗಳು ಬಂದವು. ವಿಕಿರಣ ಚಿಕಿತ್ಸೆ ನಡೆಸುವ ಆಸ್ಪತ್ರೆಯಲ್ಲಿ ಅರ್ಹತೆ ಪಡೆದ ವಿಕಿರಣ ಸುರಕ್ಷಾ ಅಧಿಕಾರಿ ಇರಲೇಬೇಕು. ಆಕರ ಕಾಣೆಯಾದರೆ ಮಂಡಳಿಗೆ ತಿಳಿಸುವುದು ಕಡ್ಡಾಯ. ಮಾಯಾಪುರಿಯ ಬಳಿಕ ಪರವಾನಗಿಯ ವ್ಯವಹಾರವೆಲ್ಲ ‘ಇ-ಲೋರಾ’ ಎಂಬ ಗಣಕ ವ್ಯವಸ್ಥೆಗೆ ಬಂದದ್ದು ಸ್ವಾಗತಾರ್ಹ ಸುಧಾರಣೆ.

ಆದರೆ ಮಹಾಲೇಖಪಾಲರು 2012ರಲ್ಲಿ ಸಲ್ಲಿಸಿದ ವರದಿ ತೋರಿದ ಚಿತ್ರ ಬೇರೆಯಾಗಿತ್ತು. ಬಳಸಿ ಮುಗಿದ ಆಕರಗಳು ನಿಜವಾಗಿಯೂ ವಿಲೇವಾರಿಯಾದವೇ ಎಂದು ಪರಿಶೀಲಿಸುವ ಸಮರ್ಪಕ ಏರ್ಪಾಡೇ ಇಲ್ಲವೆಂದು ಆ ವರದಿ ಹೇಳಿತು. 1983ರ ಆದೇಶದಲ್ಲಿಯೇ ಮಂಡಳಿಗೆ ವಹಿಸಿದ್ದ ಸುರಕ್ಷಾ ನೀತಿಯ ರಚನೆ ಅಷ್ಟು ವರ್ಷಗಳ ನಂತರವೂ ಆಗಿರಲಿಲ್ಲ. ದೇಶದ 57,443 ವೈದ್ಯಕೀಯ ಎಕ್ಸ್-ರೇ ಘಟಕಗಳಲ್ಲಿ ನೋಂದಣಿಯಾಗಿದ್ದವು 5,270 ಮಾತ್ರ. ಎಕ್ಸ್-ರೇ ಯಂತ್ರದಲ್ಲಿ ಕಳೆದುಹೋಗುವ ಆಕರವಿಲ್ಲ, ನಿಜ. ಆದರೂ ಮಂಡಳಿಯ ಕಣ್ಣು ಎಷ್ಟು ದೂರ ಹೋಗುತ್ತಿತ್ತೆಂಬುದಕ್ಕೆ ಈ ಸಂಖ್ಯೆ ಒಂದು ಅಳತೆಗೋಲು. ನಿಯಮ ಮೀರಿದವರಿಗೆ ಅಂದಿನ ಕಾನೂನಿನಂತೆ ವಿಧಿಸಬಹುದಾಗಿದ್ದ ಗರಿಷ್ಠ ದಂಡವೋ 500 ರೂಪಾಯಿ.

ಇನ್ನೊಂದು ಹಳೆಯ ಆಕ್ಷೇಪವೂ ಇತ್ತು. ಅಣುಶಕ್ತಿಯನ್ನು ಬೆಳೆಸುವ ಆಯೋಗಕ್ಕೇ ಅದನ್ನು ನಿಯಂತ್ರಿಸುವ ಮಂಡಳಿಯೂ ವರದಿ ಒಪ್ಪಿಸುವುದು ತರವಲ್ಲವೆಂದು 1993ರಿಂದ 1996ರವರೆಗೆ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಅವರೇ ಬಹಿರಂಗವಾಗಿ ವಾದಿಸಿದ್ದರು. 2025ರ ಕಾಯ್ದೆ ಮಂಡಳಿಗೆ ಶಾಸನದ ಆಧಾರ ಒದಗಿಸಿದೆ. ಇದು ಮೆಚ್ಚತಕ್ಕ ಹೆಜ್ಜೆ. ಆದರೆ ಶಾಸನ ಕೊಟ್ಟ ಅಧಿಕಾರ ದೊಡ್ಡ ಸ್ಥಾವರಗಳ ಮೇಲ್ವಿಚಾರಣೆಯಲ್ಲಿಯೇ ಸವೆದುಹೋಗಿ, ಆಸ್ಪತ್ರೆಯ ಸೀಸದ ಪೆಟ್ಟಿಗೆಯವರೆಗೆ ತಲುಪದೆ ಹೋದರೆ ಸಾಮಾನ್ಯ ನಾಗರಿಕನಿಗೆ ಅದರಿಂದ ಪ್ರಯೋಜನ ಅಲ್ಪ.

ಚೆನ್ನೈ ಎದುರಿಸುವ ವಿಶೇಷ ಪ್ರಶ್ನೆಗಳು

ಈ ಪ್ರಶ್ನೆಗೆ ಚೆನ್ನೈಯಲ್ಲಿ ಕೆಲವು ವಿಶೇಷ ಮುಖಗಳಿವೆ. ಮೊದಲನೆಯದು ಯಂತ್ರಗಳ ತಲೆಮಾರು ಬದಲಾಗುತ್ತಿರುವುದು. ದೊಡ್ಡ ಆಸ್ಪತ್ರೆಗಳು ಕೋಬಾಲ್ಟ್ ಬಿಟ್ಟು ಲೀನಿಯರ್ ಆಕ್ಸಿಲರೇಟರಿನ ಕಡೆಗೆ ಹೋಗುತ್ತಿವೆ. ಹೊಸ ಯಂತ್ರದ ಉದ್ಘಾಟನೆಗೆ ಸಚಿವರು ಬರುತ್ತಾರೆ, ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಹಳೆಯ ಯಂತ್ರದ ಬೀಳ್ಕೊಡುಗೆಗೆ ಯಾರೂ ಬರುವುದಿಲ್ಲ. ಗೋಯಾನಿಯದಿಂದ ಮಾಯಾಪುರಿಯವರೆಗೆ ಅಪಾಯ ಹುಟ್ಟಿದ್ದು ಆ ಬೀಳ್ಕೊಡುಗೆಯ ಹೊತ್ತಿನಲ್ಲಿ. ಕೋಬಾಲ್ಟ್ ಯಂತ್ರವನ್ನೇ ಬಹಿಷ್ಕರಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿ, ಬೆಂಗಳೂರಿನ ಸಂಸ್ಥೆಯೊಂದು ತಯಾರಿಸುತ್ತಿರುವ ‘ಭಾಭಾಟ್ರಾನ್’ ಕಡಿಮೆ ವೆಚ್ಚದಲ್ಲಿ ಬಡರೋಗಿಗಳಿಗೆ ಚಿಕಿತ್ಸೆ ತಲುಪಿಸುತ್ತಿರುವ ಕೋಬಾಲ್ಟ್ ಯಂತ್ರವೇ. ಬೇಕಾಗಿರುವುದು ಖರೀದಿಯ ದಿನವೇ ವಿಲೇವಾರಿಯ ಹಣವನ್ನೂ ಹೊಣೆಯನ್ನೂ ಗೊತ್ತುಮಾಡುವ ಶಿಸ್ತು.

ಎರಡನೆಯದು ನೀರು. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿದಾಗ ಆಸ್ಪತ್ರೆಗಳ ಒಳಗೂ ನೀರು ನುಗ್ಗಿದ್ದನ್ನು ಈ ನಗರ ಮರೆತಿಲ್ಲ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತವೂ ಅದೇ ಪಾಠವನ್ನು ಮತ್ತೆ ಹೇಳಿತು. ಗೋಡೆಗಳ ಭಾರದ ದೆಸೆಯಿಂದ ವಿಕಿರಣ ಚಿಕಿತ್ಸೆಯ ಕೋಣೆಗಳು ಸಾಮಾನ್ಯವಾಗಿ ನೆಲದ ಮಟ್ಟದಲ್ಲಿ ಅಥವಾ ನೆಲಮಾಳಿಗೆಯಲ್ಲಿ ಇರುತ್ತವೆ. ಮುಚ್ಚಿದ ಆಕರ ನೀರಿನಿಂದ ಒಡನೆ ಕರಗಿಹೋಗುವುದಿಲ್ಲವೆಂಬುದು ಸಮಾಧಾನದ ಮಾತು. ಆದರೆ ವಿದ್ಯುತ್ ಇಲ್ಲದ, ಸಿಬ್ಬಂದಿ ಬರಲಾಗದ, ರೋಗಿಗಳನ್ನು ಹೊತ್ತು ಸಾಗಿಸಬೇಕಾದ ಆ ದಿನಗಳಲ್ಲಿ ಪೆಟ್ಟಿಗೆಯ ಎಣಿಕೆ ಮಾಡುವವರು ಯಾರು, ನೀರಿಳಿದ ಮೇಲೆ ಕೆಸರು ಬಳಿದು ಎಸೆಯುವ ಮುನ್ನ ಮಾಪಕ ಹಿಡಿಯುವವರು ಯಾರು ಎಂಬುದನ್ನು ಮೊದಲೇ ಬರೆದಿಟ್ಟಿರಬೇಕು.

ಮೂರನೆಯದು ಸಂಚಾರ. ಇರಿಡಿಯಂ ಬೇಗ ಕ್ಷೀಣಿಸುವುದರಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ಆಕರ ಬರಬೇಕು, ಹಳೆಯದು ಸರಬರಾಜುದಾರರಿಗೆ ಮರಳಬೇಕು. ಚಿಕಿತ್ಸಾ ಕೇಂದ್ರಗಳು ಹೆಚ್ಚಿರುವ ನಗರದಲ್ಲಿ ಇದು ನಿರಂತರ ವ್ಯವಹಾರ. ಕೊಟ್ಟವರ ರಸೀದಿಗೂ ಪಡೆದವರ ರಸೀದಿಗೂ ನಡುವೆ ಇರುವ ಕಾಲವೇ ದುರ್ಬಲ ಕೊಂಡಿ.

ನಾಲ್ಕನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಕಸ ಮತ್ತು ಗುಜರಿ. 2016ರ ಜೈವಿಕ-ವೈದ್ಯಕೀಯ ತ್ಯಾಜ್ಯ ನಿಯಮಗಳು ವಿಕಿರಣಶೀಲ ತ್ಯಾಜ್ಯಕ್ಕೆ ಅನ್ವಯಿಸುವುದಿಲ್ಲ. ಅದಕ್ಕೆ ಬೇರೆಯೇ ಕಾನೂನು. ಕಾಗದದ ಮೇಲೆ ಎರಡು ದಾರಿ ಸ್ಪಷ್ಟ. ಆದರೆ ತಪ್ಪಿ ಒಂದು ಕಾಳು ಸಾಮಾನ್ಯ ಚೀಲಕ್ಕೆ ಬಿದ್ದರೆ ಅದು ಸೇರುವುದು ಪೆರುಂಗುಡಿ, ಕೊಡುಂಗೈಯೂರಿನ ರಾಶಿಗಳಲ್ಲಿ ಆಯುವ ಕೈಗಳನ್ನು. ಲೋಹದ ಭಾಗವಾದರೆ ಪುದುಪೇಟೆಯಂಥ ಗುಜರಿ ಬೀದಿಗಳನ್ನು. ಅಲ್ಲಿ ದುಡಿಯುವವನಿಗೆ ಮೂರು ಎಸಳಿನ ವಿಕಿರಣ ಚಿಹ್ನೆ ಪಂಖದಂತೆ ಕಂಡರೆ ತಪ್ಪು ಅವನದಲ್ಲ. ಈ ಕಾರಣದಿಂದಲೇ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2007ರಲ್ಲಿ ಕೆಂಪು ತ್ರಿಕೋನದೊಳಗೆ ತಲೆಬುರುಡೆಯನ್ನೂ ಓಡುವ ಮನುಷ್ಯನನ್ನೂ ಚಿತ್ರಿಸಿದ ಹೊಸ ಚಿಹ್ನೆಯನ್ನು ಜಾರಿಗೆ ತಂದಿತು. ಅಕ್ಷರ ಬಾರದವನಿಗೂ ‘ಓಡು’ ಎಂಬ ಮಾತು ಅದರಿಂದ ತಿಳಿಯುತ್ತದೆ. ಅಪಾಯಕಾರಿ ಆಕರಗಳ ಮೇಲೆ, ಬಿಚ್ಚಲು ಹೊರಟವನ ಕಣ್ಣಿಗೆ ಬೀಳುವ ಜಾಗದಲ್ಲಿ ಅದಿರಬೇಕೆಂಬುದು ಉದ್ದೇಶ.

ಗುಜರಿಯ ತಪ್ಪು ಗುಜರಿಯಲ್ಲಿಯೇ ಉಳಿಯುವುದೂ ಇಲ್ಲ. 2008ರಲ್ಲಿ ಫ್ರಾನ್ಸಿನಲ್ಲಿ ಲಿಫ್ಟುಗಳ ಗುಂಡಿಗಳಲ್ಲಿ ಕೋಬಾಲ್ಟ್-60 ಪತ್ತೆಯಾದಾಗ, ಅದರ ಜಾಡು ಹಿಡಿದು ಹೋದವರು ಬಂದು ತಲುಪಿದ್ದು ಭಾರತದಲ್ಲಿ ಕರಗಿಸಿದ ಉಕ್ಕಿಗೆ. ಎಲ್ಲೋ ಯಾರೋ ಎಣಿಸದೆ ಬಿಟ್ಟ ಆಕರ ಕುಲುಮೆಯನ್ನು ದಾಟಿ, ಸಮುದ್ರವನ್ನು ದಾಟಿ, ಪರದೇಶದ ಕಾರ್ಮಿಕರ ಬೆರಳಿಗೆ ತಾಕಿತ್ತು.

ಹೇಳಿದವನಿಗೆ ರಕ್ಷೆ, ಮುಚ್ಚಿಟ್ಟವನಿಗೆ ಶಿಕ್ಷೆ

ಹಾಗಾದರೆ ಮಾಡಬೇಕಾದದ್ದೇನು? ಬೇರೊಂದು ಉದಾಹರಣೆ ಇಲ್ಲಿ ದಾರಿ ತೋರಿಸುತ್ತದೆ. 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗಣಿಯೊಂದರ ಮಾಪನ ಯಂತ್ರದಿಂದ 8 ಮಿಲಿಮೀಟರ್ ಉದ್ದದ ಸೀಸಿಯಂ ಗುಳಿಗೆ ಸಾಗಣೆಯ ವೇಳೆ ಜಾರಿಬಿತ್ತು. ಪೆಟ್ಟಿಗೆ ತೆರೆದಾಗ ಗುಳಿಗೆ ಇಲ್ಲವೆಂದು ಗೊತ್ತಾಯಿತು. ಎರಡು ದಿನಗಳಲ್ಲಿ ಸರ್ಕಾರ ಅದನ್ನು ಸಾರ್ವಜನಿಕವಾಗಿ ಪ್ರಕಟಿಸಿತು. ಸುಮಾರು 1400 ಕಿಲೋಮೀಟರ್ ಹೆದ್ದಾರಿಯನ್ನು ವಾಹನಕ್ಕೆ ಕಟ್ಟಿದ ಮಾಪಕಗಳಿಂದ ಶೋಧಿಸಿ ಫೆಬ್ರವರಿ 1ರಂದು ರಸ್ತೆಯ ಅಂಚಿನಲ್ಲಿ ಅದನ್ನು ಪತ್ತೆ ಮಾಡಿದರು. ಸಾಗಣೆಯಲ್ಲಿ ಲೋಪವಿತ್ತು, ಗೊತ್ತಾಗಲು ವಿಳಂಬವೂ ಆಗಿತ್ತು. ಅಲ್ಲಿನ ಕಾನೂನಿನ ದಂಡವೂ ಹಾಸ್ಯಾಸ್ಪದವಾಗಿ ಸಾವಿರ ಡಾಲರ್ ಮಾತ್ರವಿತ್ತು. ಆದರೂ ಎಣಿಸಿದರು, ಹೇಳಿದರು, ಹುಡುಕಿದರು. ಒಂದು ಜೀವವೂ ಹೋಗಲಿಲ್ಲ.

ಎಣಿಸುವುದು, ಹೇಳುವುದು, ಹುಡುಕುವುದು ಎಂಬ ಈ ಮೂರು ಕ್ರಿಯೆಗಳಲ್ಲಿ ನಮ್ಮ ವ್ಯವಸ್ಥೆಯ ಹೆಚ್ಚಿನ ದೌರ್ಬಲ್ಯವಿರುವುದು ಎರಡನೆಯದರಲ್ಲಿ ಎಂದು ನಮ್ಮ ಅನಿಸಿಕೆ. ಆಕರ ಕಾಣದಾದ ಸಂಜೆ ಕಿರಿಯ ತಂತ್ರಜ್ಞನ ಮನಸ್ಸಿನಲ್ಲಿ ಮೊದಲು ಏಳುವುದು ಕೆಲಸ ಹೋದೀತೆಂಬ ಭಯ. ಆಡಳಿತದ ಮನಸ್ಸಿನಲ್ಲಿ ಏಳುವುದು ಹೆಸರು ಕೆಟ್ಟೀತೆಂಬ ಭಯ. ಎರಡು ಭಯಗಳೂ ಸೇರಿ ‘ನಾಳೆ ಮತ್ತೊಮ್ಮೆ ನೋಡೋಣ’ ಎಂಬ ತೀರ್ಮಾನಕ್ಕೆ ಬರುತ್ತವೆ. ಆ ನಾಳೆಯೊಳಗೆ ಕಸದ ಗಾಡಿ ಹೊರಟುಹೋಗಿರುತ್ತದೆ. ಆದಕಾರಣ ಕಾನೂನು ಎರಡು ತೂಕಗಳನ್ನು ಬೇರೆಬೇರೆಯಾಗಿ ಇಡಬೇಕು. ನಷ್ಟವನ್ನು ಕೂಡಲೆ ತಿಳಿಸಿದ ನೌಕರನಿಗೆ ರಕ್ಷಣೆ ದೊರೆಯಬೇಕು. ಮುಚ್ಚಿಟ್ಟ ಸಂಸ್ಥೆಗೆ ಅದರ ವಹಿವಾಟಿಗೆ ತಕ್ಕ ಭಾರಿ ದಂಡ ಬೀಳಬೇಕು. ನಷ್ಟದ ವರದಿಗಳನ್ನು ಮಂಡಳಿ ವಾರ್ಷಿಕ ವರದಿಯ ಮೂಲೆಗೆ ಬಿಡದೆ, ಆಯಾ ನಗರದ ಜನರಿಗೆ ಅವರ ಭಾಷೆಯಲ್ಲಿ ಒಡನೆ ತಿಳಿಸಬೇಕು.

ಉಳಿದ ಕ್ರಮಗಳು ಕಷ್ಟದವಲ್ಲ. ಬಳಕೆ ನಿಂತ ಆಕರಕ್ಕೆ ಆಸ್ಪತ್ರೆಯಲ್ಲಿ ಉಳಿಯಲು ಒಂದು ಕಾಲಮಿತಿಯಿರಲಿ. ವಿಕಿರಣ ಸುರಕ್ಷಾ ಅಧಿಕಾರಿ ನಿವೃತ್ತರಾಗುವಾಗ, ಆಸ್ಪತ್ರೆ ಕೈಬದಲಾಗುವಾಗ, ಪ್ರತಿಯೊಂದು ಆಕರವನ್ನೂ ಕಣ್ಣಾರೆ ಕಂಡು ಸಹಿ ಹಾಕುವ ಪದ್ಧತಿ ಬರಲಿ. ವೈದ್ಯಕೀಯ ತ್ಯಾಜ್ಯ ಘಟಕಗಳ, ನಗರದ ದೊಡ್ಡ ಕಸದ ಅಂಗಳಗಳ, ಗುಜರಿ ಕರಗಿಸುವ ಕುಲುಮೆಗಳ ಬಾಗಿಲಲ್ಲಿ ಮಾಪಕ ನಿಲ್ಲಲಿ. ಪೆನ್ಸಿಲ್ವೇನಿಯದ ರಹಸ್ಯವನ್ನು ಬಿಡಿಸಿದ್ದು ಅಂಥದೇ ಒಂದು ಮಾಪಕ. ಗುಜರಿ ಬೀದಿಯ ಕಾರ್ಮಿಕರಿಗೆ ತಮಿಳಿನಲ್ಲಿ, ಹಿಂದಿಯಲ್ಲಿ, ಒಡಿಯಾದಲ್ಲಿ ಚಿತ್ರಸಹಿತ ತಿಳಿವಳಿಕೆ ಕೊಡುವ ಕೆಲಸಕ್ಕೆ ಹೆಚ್ಚು ಹಣವೂ ಬೇಡ. ಈ ವಿಷಯದಲ್ಲಿ ಚೆನ್ನೈ ಇತರ ನಗರಗಳಿಗಿಂತ ಭಾಗ್ಯಶಾಲಿ. ಮಂಡಳಿಯ ದಕ್ಷಿಣ ಪ್ರಾದೇಶಿಕ ಕೇಂದ್ರ ಇಲ್ಲಿಯೇ ಇದೆ. ಕಲ್ಪಾಕ್ಕಮ್ಮಿನ ತಜ್ಞರು ಸುಮಾರು 70 ಕಿಲೋಮೀಟರ್ ದೂರದಲ್ಲಿದ್ದಾರೆ. ಒಂದು ಮಾದರಿಯನ್ನು ಇಲ್ಲಿ ನಿರ್ಮಿಸಿದರೆ ಬೆಂಗಳೂರೂ ಅದನ್ನು ಅನುಸರಿಸಬಹುದು.

ಕೊನೆಯದಾಗಿ ನಮ್ಮ ಓದುಗರಲ್ಲಿ ಒಂದು ವಿನಂತಿ. ಈ ಲೇಖನ ಓದಿ ಯಾರೂ ವಿಕಿರಣ ಚಿಕಿತ್ಸೆಯಿಂದ ಹಿಂಜರಿಯಬಾರದು. ನಮ್ಮ ನಾಡಿನ ಸಾವಿರಾರು ಬಡ ಹೆಣ್ಣುಮಕ್ಕಳನ್ನು ಕಾಡುವ ಗರ್ಭಕೊರಳಿನ ಕ್ಯಾನ್ಸರಿಗೆ ಬ್ರಾಕಿಥೆರಪಿಯಂಥ ಮದ್ದು ವಿರಳ. ಹೊರಗಿನ ಯಂತ್ರದಿಂದ ವಿಕಿರಣ ಪಡೆದವರು ತಾವೇ ವಿಕಿರಣಶೀಲರಾಗುವುದಿಲ್ಲ. ಅವರನ್ನು ಮುಟ್ಟಲು, ಅವರೊಡನೆ ಊಟಕ್ಕೆ ಕೂರಲು ಅಂಜಬೇಕಾದ್ದಿಲ್ಲ. ಆದರೆ ಚಿಕಿತ್ಸೆಗೆ ಹೋದಾಗ ‘ನಿಮ್ಮಲ್ಲಿ ವಿಕಿರಣ ಸುರಕ್ಷಾ ಅಧಿಕಾರಿ ಯಾರು? ಚಿಕಿತ್ಸೆ ಮುಗಿದ ಮೇಲೆ ಮಾಪಕದಿಂದ ಪರೀಕ್ಷಿಸುವಿರಾ?’ ಎಂದು ವಿನಯದಿಂದ ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ. ಒಳ್ಳೆಯ ಆಸ್ಪತ್ರೆ ಆ ಪ್ರಶ್ನೆಗೆ ಬೇಸರಪಡುವುದಿಲ್ಲ, ಸಂತೋಷದಿಂದ ಉತ್ತರಿಸುತ್ತದೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಮಾಯಾಪುರಿಯಲ್ಲಿ ಸತ್ತವನು ವಿಜ್ಞಾನಿಯಲ್ಲ, ಆ ಯಂತ್ರವನ್ನು ಕೊಂಡವನೂ ಅಲ್ಲ, ಮರೆತವನೂ ಅಲ್ಲ. ದಿನಗೂಲಿಗೆ ಕಬ್ಬಿಣ ಬಿಚ್ಚುತ್ತಿದ್ದ ಒಬ್ಬ ಶ್ರಮಜೀವಿ. ಬೇರೆಯವರ ಲೆಕ್ಕದ ತಪ್ಪನ್ನು ಅವನು ತನ್ನ ಮೈಯಿಂದ ತೀರಿಸಿದ. ಇನ್ನೊಬ್ಬನಿಗೆ ಆ ಗತಿ ಬರಬಾರದೆಂದಾದರೆ, ಪ್ರತಿ ಸಂಜೆ ಆಸ್ಪತ್ರೆಯ ಸೀಸದ ಪೆಟ್ಟಿಗೆಯ ಮುಂದೆ ನಿಂತು ಯಾರೋ ಒಬ್ಬರು ಎಣಿಸಲೇಬೇಕು, ಒಂದು ಕಡಿಮೆಯಾದರೆ ಆ ಕ್ಷಣವೇ ಗಟ್ಟಿಯಾಗಿ ಹೇಳಲೇಬೇಕು. ಹಾಗೆ ಹೇಳುವ ಧೈರ್ಯವನ್ನು ಅವರಿಗೆ ಕೊಡುವುದು ಸರ್ಕಾರದ, ಮಂಡಳಿಯ, ನಮ್ಮೆಲ್ಲರ ಹೊಣೆ.